77 ಕುದುರೆಗಳಲ್ಲಿ ಕಾಣೆಯಾದವು ಎಷ್ಟು: ಹಳೆಯ ಸೆಡಾನ್ ಒಂದರ ಪ್ರಕರಣ

ಹಿನ್ನೆಲೆ

ಕಾರು 2006ರ ಹೋಂಡಾ ಸಿಟಿ ಝಡ್‌ಎಕ್ಸ್. ಪೆಟ್ರೋಲ್ ಎಂಜಿನ್, 1,497 ಸಿಸಿ, ಕೈಯಿಂದ ಹಾಕುವ ಐದು ಗೇರ್. ಓಡಿದ್ದು ಒಂದೂಮುಕ್ಕಾಲು ಲಕ್ಷ ಕಿಲೋಮೀಟರ್. ಮನೆ ಶಿವಮೊಗ್ಗ ಜಿಲ್ಲೆಯ ಒಂದು ಊರಿನಲ್ಲಿ. ಯಜಮಾನರು ನಿವೃತ್ತ ನೌಕರರು, ಮಗ ಬೆಂಗಳೂರಿನಲ್ಲಿ ಉದ್ಯೋಗಿ, ಮಗಳನ್ನು ಕೊಟ್ಟಿರುವುದು ಉಡುಪಿ ಕಡೆಗೆ. ಹಾಗಾಗಿ ಹಬ್ಬ ಹುಣ್ಣಿಮೆಗೆಲ್ಲ ಆಗುಂಬೆ ಘಾಟಿ ಇಳಿದು ಹತ್ತುವುದು ಈ ಕಾರಿನ ಪಾಲಿಗೆ ಬಂದ ಕೆಲಸ. ಹದಿನೈದು ವರ್ಷ ತುಂಬಿದಾಗ ಆರ್‌ಸಿ ನವೀಕರಿಸಿ, ಹಸಿರು ತೆರಿಗೆ ಕಟ್ಟಿ, ಮತ್ತೆ ಐದು ವರ್ಷಗಳ ಅವಕಾಶ ಪಡೆದಿದ್ದರು. ಮಾರುವ ಮನಸ್ಸು ಮನೆಯಲ್ಲಿ ಯಾರಿಗೂ ಇರಲಿಲ್ಲ. ಗುರುತು ಸಿಗದಿರಲೆಂದು ಮನೆಯವರ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾರಿನ ಸಂಗತಿಗಳನ್ನು ಬದಲಿಸಿಲ್ಲ.

ಈ ಎಂಜಿನ್ನಿನ ಜಾತಕ ಸ್ವಲ್ಪ ತಿಳಿದಿರಬೇಕು, ಯಾಕೆಂದರೆ ಪ್ರಕರಣದ ಗಂಟು ಅಲ್ಲಿಯೇ ಇದೆ. ಹೋಂಡಾ ಇದನ್ನು ಐ-ಡಿಎಸ್‌ಐ ಎಂದು ಕರೆಯಿತು. ನಾಲ್ಕು ಸಿಲಿಂಡರ್, ಪ್ರತಿ ಸಿಲಿಂಡರಿಗೆ ಎರಡೇ ವಾಲ್ವ್, ಆದರೆ ಸ್ಪಾರ್ಕ್ ಪ್ಲಗ್ ಎರಡೆರಡು. ಒಟ್ಟು ಎಂಟು ಪ್ಲಗ್, ಪ್ರತಿಯೊಂದಕ್ಕೂ ಕಿಡಿಗೆ ವಿದ್ಯುತ್ ಒದಗಿಸುವ ತನ್ನದೇ ಕಾಯಿಲ್. ಎರಡು ಕಡೆಯಿಂದ ಕಿಡಿ ಹತ್ತಿಸಿದರೆ ಇಂಧನ ಬೇಗ ಮತ್ತು ಪೂರ್ಣವಾಗಿ ಉರಿಯುತ್ತದೆ. ಮೈಲೇಜ್ ಸಿಗುತ್ತದೆ, ಕೆಳಗಿನ ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಎಳೆತ ಸಿಗುತ್ತದೆ. ಕಂಪನಿಯ ಲೆಕ್ಕದಲ್ಲಿ ಶಕ್ತಿ 5,700 ಆರ್‌ಪಿಎಂನಲ್ಲಿ 77 ಅಶ್ವಶಕ್ತಿ, ಟಾರ್ಕ್, ಅಂದರೆ ತಿರುಗಿಸುವ ಬಲ, 2,700ರಲ್ಲಿ 125 ನ್ಯೂಟನ್ ಮೀಟರ್. ಇದೇ ಕಾರಿನ, ವಿಟೆಕ್ ಎಂಬ ಬೇರೆ ಎಂಜಿನ್ನಿನ ಆವೃತ್ತಿಗೆ 100ರ ಆಸುಪಾಸಿನ ಅಶ್ವಶಕ್ತಿ ಇತ್ತು. ಆ ಇಪ್ಪತ್ತಮೂರರ ಅಂತರ ಮಗನ ತಲೆಯಲ್ಲಿ ಕುಳಿತುಬಿಟ್ಟಿತ್ತು.

ದೂರು

ಕಾರು ನನ್ನ ಬಳಿ ಬಂದಾಗ ದೂರು ಒಂದೇ ವಾಕ್ಯದಲ್ಲಿತ್ತು: ಪಿಕಪ್ ಇಲ್ಲ. ಸೋಮೇಶ್ವರದಿಂದ ಮೇಲೆ ಹತ್ತುವಾಗ 14 ಹೇರ್‌ಪಿನ್ ತಿರುವುಗಳಲ್ಲಿ ಹೆಚ್ಚಿನವಕ್ಕೆ ಮೊದಲ ಗೇರಿಗೆ ಇಳಿಯಬೇಕಾಗುತ್ತಿತ್ತು. ನಾಲ್ಕು ಜನ, ಡಿಕ್ಕಿ ತುಂಬ ತೆಂಗಿನಕಾಯಿ, ಏಸಿ ಹಾಕಿದರಂತೂ ಹಿಂದಿನ ವಾಹನದವರು ಹಾರ್ನ್ ಹೊಡೆಯುವಷ್ಟು ನಿಧಾನ. ಬಾನೆಟ್ ಅಡಿಯಲ್ಲಿ ಎಚ್ಚರಿಕೆಯ ದೀಪ ಹೊತ್ತಿಸುವಂಥ ದೋಷ ಏನೂ ಇದ್ದಂತಿರಲಿಲ್ಲ. ಸ್ಕ್ಯಾನರ್ ಹಾಕಿದರೆ ದೋಷದ ಕೋಡ್ ಒಂದೂ ಬರಲಿಲ್ಲ. ಎಂಜಿನ್ ನಿಂತಲ್ಲಿ ಮೆತ್ತಗೆ ಓಡುತ್ತಿತ್ತು.

ಅಷ್ಟರಲ್ಲಾಗಲೇ ಮಗ ಒಂದಿಷ್ಟು ಬದಲಾವಣೆ ಮಾಡಿಸಿದ್ದ. ಕಂಪನಿಯ ಏರ್ ಫಿಲ್ಟರ್ ಡಬ್ಬಿ ತೆಗೆಸಿ ಶಂಕುವಿನಾಕಾರದ ತೆರೆದ ಫಿಲ್ಟರ್. ಹಿಂಬದಿಯಲ್ಲಿ ದಪ್ಪ ಬಾಯಿಯ ಸೈಲೆನ್ಸರ್. 14 ಇಂಚಿನ ಚಕ್ರಗಳ ಬದಲು 15 ಇಂಚಿನ ಅಲಾಯ್, ಅದಕ್ಕೆ 195/60 ಟೈರು. ಇಷ್ಟೆಲ್ಲ ಆದಮೇಲೆ ಕಾರಿನ ಸದ್ದು ಹೆಚ್ಚಿತ್ತು, ಓಟ ಹೆಚ್ಚಿರಲಿಲ್ಲ. ಹಾಗಾಗಿ ಮುಂದಿನ ಹೆಜ್ಜೆಯಾಗಿ ಎರಡು ದಾರಿಗಳು ಅವನ ಮುಂದಿದ್ದವು. ಒಂದು, ಗುಜರಿಗೆ ಬಂದ ವಿಟೆಕ್ ಕಾರಿನ ಎಂಜಿನ್ ತಂದು ಕೂರಿಸುವುದು. ಮಾರುವವನು ಭಾನುವಾರದೊಳಗೆ ಹೇಳಿ ಎಂದು ಗಡುವು ಕೊಟ್ಟಿದ್ದ. ಇನ್ನೊಂದು, ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೊ ಹಾಕಿಸುವುದು.

ತಂದೆ ಇದ್ಯಾವುದರ ಪರವೂ ಇರಲಿಲ್ಲ, ವಿರೋಧವನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಗ್ಯಾರೇಜಿನ ಅಂಗಳದಲ್ಲಿ ಒಮ್ಮೆ ಮಾತ್ರ ಮಗನಿಗೆ ಹೇಳಿದರು: “ನೋಡಪ್ಪ, ಹೊಸದರಲ್ಲಿ ಇದೇ ಕಾರು ನಿಮ್ಮಜ್ಜಿಯನ್ನೂ ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಘಾಟಿ ಹತ್ತುತ್ತಿತ್ತು. ಆಗ ಇದ್ದದ್ದೂ ಇದೇ ಎಂಜಿನ್ ತಾನೆ?”

ಪ್ರಕರಣ ತಿರುಗಿದ್ದು ಈ ಪ್ರಶ್ನೆಯಿಂದ. ಮಗನ ಲೆಕ್ಕ 77ರಿಂದ 100ಕ್ಕೆ ಹೋಗುವುದು ಹೇಗೆ ಎಂಬುದು. ಆದರೆ ಕಾರಿನಲ್ಲಿ ಈಗ 77 ಇದೆಯೇ ಎಂದು ಯಾರೂ ಅಳೆದಿರಲಿಲ್ಲ. ಎಂಜಿನ್ ಬದಲಿಸುವ ಮಾತನ್ನು ಭಾನುವಾರ ದಾಟಿಸಿ, ಮೊದಲು ಅಳೆಯೋಣ ಎಂದು ಒಪ್ಪಿಸಿದೆ. ಗುಜರಿಯವನು ಎಂಜಿನ್ ಬೇರೆಯವರಿಗೆ ಮಾರಿದ. ಮಗನಿಗೆ ಬೇಸರವಾಯಿತು, ಇಂಥ ಗಡುವುಗಳು ತಪ್ಪಿದರೆ ಸಾಮಾನ್ಯವಾಗಿ ಲಾಭವೇ ಆಗುತ್ತದೆ ಎಂಬುದು ನನ್ನ ಅನುಭವ.

ಅಳತೆ

ಕಾರಿನ ಶಕ್ತಿ ಅಳೆಯುವ ಡೈನೋ ಯಂತ್ರಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಸಮತಟ್ಟಾದ ಖಾಲಿ ರಸ್ತೆ, ಜಿಪಿಎಸ್ ಇರುವ ಮೊಬೈಲ್, ಪಕ್ಕದಲ್ಲಿ ಒಬ್ಬರು ಇದ್ದರೆ ಸಾಕು. ಮೂರನೇ ಗೇರಿನಲ್ಲಿ, ಏಸಿ ಆರಿಸಿ, ಗಂಟೆಗೆ 40 ಕಿಲೋಮೀಟರಿನಿಂದ 80ಕ್ಕೆ ಹೋಗಲು ಹಿಡಿಯುವ ಸಮಯ ನೋಡಬೇಕು. ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆದರೆ ಗಾಳಿ ಮತ್ತು ಇಳಿಜಾರಿನ ವ್ಯತ್ಯಾಸ ಕಳೆಯುತ್ತದೆ. ಸ್ಪೀಡೋಮೀಟರಿನ ಮುಳ್ಳನ್ನು ನಂಬಬಾರದು, ಅದರಲ್ಲೂ ಟೈರಿನ ಅಳತೆ ಬದಲಾಗಿದ್ದರೆ.

ಬಂದ ಸಮಯ 13.1 ಸೆಕೆಂಡ್. ಇಬ್ಬರು ಕುಳಿತ ಕಾರಿನ ತೂಕ ಸುಮಾರು 1,200 ಕಿಲೋ. ಆ ತೂಕವನ್ನು 40ರಿಂದ 80ಕ್ಕೆ ಒಯ್ಯಲು ಬೇಕಾದ ಚಲನಶಕ್ತಿ ಸುಮಾರು 222 ಕಿಲೋಜೌಲ್. ಅದನ್ನು 13.1ರಿಂದ ಭಾಗಿಸಿದರೆ 17 ಕಿಲೋವಾಟ್, ಅಂದರೆ 23 ಅಶ್ವಶಕ್ತಿ. ಗಾಳಿಯ ತಡೆ, ಟೈರಿನ ಉರುಳು ತಡೆ ಕಳೆದು ವೇಗ ಹೆಚ್ಚಿಸಲು ಉಳಿದದ್ದು ಸರಾಸರಿ ಇಷ್ಟು ಮಾತ್ರ. ಈ ಸಂಖ್ಯೆ ಎಂಜಿನ್ನಿನ ಗರಿಷ್ಠ ಶಕ್ತಿಯನ್ನು ಹೇಳುವುದಿಲ್ಲ. ಆದರೆ ಮುಂದಿನ ಪ್ರತಿಯೊಂದು ಹೆಜ್ಜೆಯ ಬೆಲೆ ಕಟ್ಟಲು ಒಂದು ತಕ್ಕಡಿ ಸಿಕ್ಕಿತು.

ಹುಡುಕಾಟ

ಮೊದಲು ಖರ್ಚಿಲ್ಲದವು. ಎಂಜಿನ್ ಆರಿಸಿ, ಮಗನನ್ನು ಆಕ್ಸಿಲರೇಟರ್ ಪೂರ್ತಿ ಒತ್ತಲು ಹೇಳಿ, ಗಾಳಿಯ ಕೊಳವೆ ಬಿಚ್ಚಿ, ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್‌ನ ಬಾಯಿ ನೋಡಿದೆವು. ಒಳಗಿನ ಎಲೆ ಪೂರ್ತಿ ತೆರೆದಿರಲಿಲ್ಲ. ಕಾರಣ ಪೆಡಲ್ ಅಡಿಯಲ್ಲಿತ್ತು: ಹಳೆಯ ಮ್ಯಾಟಿನ ಮೇಲೆ ಹೊಸದಾಗಿ ಹಾಕಿದ ದಪ್ಪ ರಬ್ಬರ್ ಮ್ಯಾಟು. ಮೇಲಿನದನ್ನು ಎಳೆದು ಹಾಕಿದರೆ ಎಲೆ ಪೂರ್ತಿ ತೆರೆಯಿತು. ಕಡಿಮೆ ಆರ್‌ಪಿಎಂನಲ್ಲಿ ಇದರಿಂದ ದೊಡ್ಡ ವ್ಯತ್ಯಾಸವಾಗದು, ಮೇಲಿನ ಆರ್‌ಪಿಎಂನಲ್ಲಿ ಆಗುತ್ತದೆ.

ನಂತರ ತೆರೆದ ಫಿಲ್ಟರ್. ಕಂಪನಿಯ ಡಬ್ಬಿಗೆ ಹೊರಗಿನ ಗಾಳಿ ಎಳೆಯುವ ಕೊಳವೆ ಇರುತ್ತದೆ. ಶಂಕುವಿನ ಫಿಲ್ಟರ್ ಎಳೆಯುತ್ತಿದ್ದದ್ದು ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಯನ್ನು. ಹೊರಗೆ 30 ಡಿಗ್ರಿ ಇರುವಾಗ ಬಾನೆಟ್ಟಿನ ಒಳಗೆ 60 ಇದ್ದರೆ, ಅದೇ ಗಾತ್ರದ ಗಾಳಿಯಲ್ಲಿ ಆಮ್ಲಜನಕ ಶೇಕಡಾ 9ರಷ್ಟು ಕಡಿಮೆ. ಗಾಳಿ ಕಡಿಮೆಯಾದರೆ ಉರಿಯುವ ಇಂಧನವೂ ಅಷ್ಟೇ ಕಡಿಮೆ. ಘಾಟಿಯ ನಿಧಾನ ಏರಿನಲ್ಲಿ ಎದುರು ಗಾಳಿಯೂ ಇಲ್ಲದಿರುವಾಗ ಈ ನಷ್ಟ ಹೆಚ್ಚುತ್ತದೆ. ಹಳೆಯ ಡಬ್ಬಿ ಅಟ್ಟದ ಮೇಲಿತ್ತು, ತಂದೆ ಎಸೆದಿರಲಿಲ್ಲ. ಹೊಸ ಕಾಗದದ ಫಿಲ್ಟರ್ ಹಾಕಿ ಅದನ್ನೇ ಕೂರಿಸಿದೆವು. ಮತ್ತೆ ಅಳೆದರೆ 12.2 ಸೆಕೆಂಡ್.

ಚಕ್ರದ ವಿಷಯದಲ್ಲಿ ಮಗನಿಗೂ ನನಗೂ ಚರ್ಚೆಯಾಯಿತು. ಕಂಪನಿಯ 175/65 ಆರ್14 ಟೈರಿನ ವ್ಯಾಸ 583 ಮಿಲಿಮೀಟರ್, ಅವನು ಹಾಕಿಸಿದ್ದರದ್ದು 615. ಅಂದರೆ ಪ್ರತಿ ಗೇರೂ ಶೇಕಡಾ ಐದೂವರೆಯಷ್ಟು ಉದ್ದವಾದಂತೆ. ರಸ್ತೆಯನ್ನು ತಳ್ಳುವ ಬಲ ಬಹುಮಟ್ಟಿಗೆ ಅಷ್ಟೇ ಕಡಿಮೆ. ಮುಳ್ಳು 80 ತೋರಿಸುವಾಗ ಕಾರು 84ರಲ್ಲಿರುತ್ತದೆ. “ನೋಡಲು ಚೆನ್ನಾಗಿದೆಯಲ್ಲ ಸಾರ್” ಎಂದ. ಚೆನ್ನಾಗಿಯೇ ಇತ್ತು. ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಿದ ಗುರುತು ತೋರಿಸಿದ ಮೇಲೆ ಅವನೇ ಹಳೆಯ ಚಕ್ರ ತಂದ. 11.6.

ನಾಲ್ಕು ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದಾಗ ಮುಂದಿನ ಎಡಚಕ್ರ ಬಿಗಿಯಾಗಿತ್ತು. ಬ್ರೇಕಿನ ಕ್ಯಾಲಿಪರ್ ಪಿನ್ನಿಗೆ ತುಕ್ಕು. ಸ್ವಚ್ಛ ಮಾಡಿ ಗ್ರೀಸ್ ಹಚ್ಚಿದ್ದಾಯಿತು. ಕ್ಲಚ್ ಜಾರುತ್ತಿರಲಿಲ್ಲ. ಸೈಲೆನ್ಸರ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ: ತುದಿಯ ಡಬ್ಬಿ ಬದಲಿಸಿದರೆ ಇಂಥ ಎಂಜಿನ್ನಿಗೆ ಸಿಗುವುದು ಸದ್ದು.

ಎಂಟು ಪ್ಲಗ್‌ಗಳ ಗುಟ್ಟು

ಸರ್ವಿಸ್ ಬಿಲ್ಲುಗಳನ್ನು ತಂದೆ ವರ್ಷವಾರು ಪಿನ್ ಹೊಡೆದು ಇಟ್ಟಿದ್ದರು. ಅವುಗಳಲ್ಲಿ ಪ್ಲಗ್ ಬದಲಿಸಿದ ದಾಖಲೆ ಹಲವು ಬಾರಿ ಇತ್ತು. ಪ್ರತಿ ಸಲವೂ ಸಂಖ್ಯೆಯ ಕಲಂನಲ್ಲಿ ‘4’.

ಮುಂದಿನ ಸಾಲಿನ ನಾಲ್ಕು ಪ್ಲಗ್‌ಗಳು ಬಾನೆಟ್ ತೆರೆದ ಕೂಡಲೇ ಕೈಗೆ ಸಿಗುತ್ತವೆ. ಹಿಂದಿನ ಸಾಲು ಗಾಜಿನ ಬುಡದ ಕಡೆ ಅಡಗಿದೆ. ಸಲೀಸಾಗಿ ತಲುಪಬೇಕಾದರೆ ವೈಪರ್ ತೋಳುಗಳನ್ನೂ ಅವುಗಳ ಅಡಿಯ ಫಲಕವನ್ನೂ ಬಿಚ್ಚಬೇಕು. ನಾಲ್ಕು ಸಿಲಿಂಡರಿಗೆ ನಾಲ್ಕು ಪ್ಲಗ್ ಎಂಬ ರೂಢಿಯ ಲೆಕ್ಕದಲ್ಲಿ ಕೆಲಸ ಮಾಡುವವರಿಗೆ ಹಿಂದೆ ಇನ್ನೊಂದು ಸಾಲು ಇದೆ ಎಂದು ಹೊಳೆಯದಿರಬಹುದು, ಹೊಳೆದರೂ ಬಿಚ್ಚುವ ತಾಳ್ಮೆ ಇಲ್ಲದಿರಬಹುದು. ನಾವು ಬಿಚ್ಚಿದೆವು. ಹಿಂದಿನ ನಾಲ್ಕರಲ್ಲಿ ಒಂದು ಎಷ್ಟು ಹಿಡಿದುಕೊಂಡಿತ್ತೆಂದರೆ ತೈಲ ಬಿಟ್ಟು ರಾತ್ರಿಯಿಡೀ ನೆನೆಸಿ, ಚೂರು ಚೂರೇ ಹಿಂದೆ ಮುಂದೆ ಆಡಿಸುತ್ತ ತೆಗೆಯಬೇಕಾಯಿತು. ಹೊರಬಂದ ಪ್ಲಗ್‌ಗಳ ನಡುವಿನ ಕಡ್ಡಿ ಸವೆದು ದುಂಡಗಾಗಿತ್ತು, ಕಿಡಿಯ ಅಂತರ ಹೊಸದಕ್ಕೆ ಹೋಲಿಸಿದರೆ ಇಮ್ಮಡಿಯ ಹತ್ತಿರ. ಮೂರನೇ ಸಿಲಿಂಡರಿನ ಹಿಂದಿನ ಕಾಯಿಲ್ ಪೂರ್ತಿ ಸತ್ತಿತ್ತು.

ಸಾಮಾನ್ಯ ಎಂಜಿನ್ನಿನಲ್ಲಿ ಒಂದು ಕಾಯಿಲ್ ಸತ್ತರೆ ಇಡೀ ಕಾರು ನಡುಗುತ್ತದೆ, ಮಗುವಿಗೂ ಗೊತ್ತಾಗುತ್ತದೆ. ಇಲ್ಲಿ ಆ ಸಿಲಿಂಡರಿಗೆ ಇನ್ನೊಂದು ಪ್ಲಗ್ ಇದೆ. ಅದು ಕಿಡಿ ಹತ್ತಿಸುತ್ತದೆ, ಎಂಜಿನ್ ನಿಂತಲ್ಲಿ ಮೆತ್ತಗೆ ಓಡುತ್ತದೆ, ದೀಪ ಹೊತ್ತುವುದಿಲ್ಲ. ಉರಿ ಮಾತ್ರ ಒಂದೇ ಕಡೆಯಿಂದ ಹರಡುವುದರಿಂದ ನಿಧಾನವಾಗುತ್ತದೆ. ಪಿಸ್ಟನ್ ಕೆಳಗಿಳಿಯುತ್ತಿರುವಾಗ ಸಿಗಬೇಕಾದ ಒತ್ತಡ ತಡವಾಗಿ ಸಿಗುತ್ತದೆ. ಎಂಟು ಪ್ಲಗ್ ಮತ್ತು ಒಂದು ಕಾಯಿಲ್ ಹೊಸದಾಗಿ ಹಾಕಿದ ಮೇಲೆ 10.6 ಸೆಕೆಂಡ್. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಇದೇ: ದೋಷವನ್ನು ಸಹಿಸಿಕೊಳ್ಳುವಂತೆ ಕಟ್ಟಿದ ಯಂತ್ರ ದೋಷವನ್ನು ಬಚ್ಚಿಡುತ್ತದೆ. ಅಲ್ಲಿ ಲಕ್ಷಣ ನೋಡಿ ಚಿಕಿತ್ಸೆ ಮಾಡುತ್ತ ಹೋದರೆ ಮೂಲ ಎಂದಿಗೂ ಸಿಗುವುದಿಲ್ಲ.

ಕಂಪ್ರೆಷನ್

ಪ್ಲಗ್ ಹೊರಗಿರುವಾಗಲೇ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರುವಾಗ ಸಿಲಿಂಡರಿನಲ್ಲಿ ಏರುವ ಒತ್ತಡ, ಅಳೆದಿದ್ದೆವು. ಮೂರು ಸಿಲಿಂಡರ್ 170ರಿಂದ 175 ಪಿಎಸ್‌ಐ ತೋರಿಸಿದರೆ ನಾಲ್ಕನೆಯದು 140. ಇಲ್ಲಿ ಎರಡನೇ ತಿರುವು ಬಂತು. ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕೂಡಲೇ “ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು” ಎಂದರು. ಅಂದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ, ಸಿಲಿಂಡರ್ ಕೊರೆಸಬೇಕು ಎಂದು. ಎಂಜಿನ್ ಇಳಿಸುವುದು ಎಂದರೆ ಮಗನ ಹಳೆಯ ಯೋಜನೆಗೆ ಮತ್ತೆ ಜೀವ. ಹೇಗೂ ಇಳಿಸುತ್ತೀರಿ, ಬೇರೆಯದನ್ನೇ ಹಾಕಿಬಿಡೋಣ ಎಂಬ ವಾದ ಅವನ ಬಾಯಲ್ಲಿ ಸಿದ್ಧವಾಗಿತ್ತು.

ಬೋರ್ ಎನ್ನುವ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುವುದು. ಸೋರಿಕೆ ರಿಂಗಿನಲ್ಲಿದ್ದರೆ ಆಯಿಲ್ ಸಂದು ಮುಚ್ಚಿ ಒತ್ತಡ ಏರುತ್ತದೆ. ಏರಲಿಲ್ಲ. ಹಾಗಾದರೆ ಸೋರಿಕೆ ವಾಲ್ವಿನಲ್ಲಿ. ಬಿಲ್ಲುಗಳ ಕಟ್ಟು ಮತ್ತೆ ನೆರವಿಗೆ ಬಂತು: ಕೆಲವು ವರ್ಷ ಈ ಕಾರು ಎಲ್‌ಪಿಜಿ ಕಿಟ್ಟಿನಲ್ಲಿ ಓಡಿತ್ತು. ಗ್ಯಾಸಿನಲ್ಲಿ ದೀರ್ಘಕಾಲ ಓಡಿದ ಎಂಜಿನ್ನುಗಳಲ್ಲಿ ವಾಲ್ವ್ ಕೂರುವ ಸೀಟು ಸವೆದು ವಾಲ್ವ್ ಮೇಲಕ್ಕೆ ಸರಿಯುವುದುಂಟು. ಆಗ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಟ್ಯಾಪೆಟ್ ಸಂದು ಕಡಿಮೆಯಾಗುತ್ತ ಬಂದು, ಕೊನೆಗೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಟ್ಯಾಪೆಟ್ ಸಂದು ಹೆಚ್ಚಾದರೆ ಟಿಕ್ ಟಿಕ್ ಸದ್ದು ಬರುತ್ತದೆ, ಎಲ್ಲರೂ ಗಮನಿಸುತ್ತಾರೆ. ಕಡಿಮೆಯಾದರೆ ಎಂಜಿನ್ ಇನ್ನಷ್ಟು ನಿಶ್ಶಬ್ದವಾಗುತ್ತದೆ, ಮಾಲೀಕ ಖುಷಿಪಡುತ್ತಾನೆ.

ಎಂಜಿನ್ ಪೂರ್ತಿ ತಣಿದ ಮೇಲೆ, ಬೆಳಗ್ಗೆ, ಮೇಲಿನ ಮುಚ್ಚಳ ತೆಗೆದು, ಸಂದು ಅಳೆಯುವ ಫೀಲರ್ ಗೇಜ್ ಹಿಡಿದೆವು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿಗೆ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು ಸಂದು ಇರಬೇಕು. ನಾಲ್ಕನೇ ಸಿಲಿಂಡರಿನಲ್ಲಿ ಗೇಜಿನ ಅತಿ ತೆಳುವಾದ ಎಲೆಯೂ ಒಳಗೆ ಹೋಗಲಿಲ್ಲ. ಉಳಿದವೂ ಅಷ್ಟಿಷ್ಟು ಬಿಗಿಯಾಗಿದ್ದವು. ಈ ಎಂಜಿನ್ನಿನಲ್ಲಿ ಟ್ಯಾಪೆಟ್ ಸರಿಪಡಿಸಲು ಬೇಕಾದದ್ದು ಸ್ಪಾನರ್ ಮತ್ತು ಸ್ಕ್ರೂಡ್ರೈವರ್. ಎಲ್ಲವನ್ನೂ ಅಳತೆಗೆ ತಂದು ಮತ್ತೆ ಕಂಪ್ರೆಷನ್ ನೋಡಿದರೆ ನಾಲ್ಕನೆಯದು 165. ರಸ್ತೆಗಿಳಿದರೆ 9.7 ಸೆಕೆಂಡ್. ಅದೇ ಲೆಕ್ಕದಲ್ಲಿ 23 ಇದ್ದದ್ದು 31 ಅಶ್ವಶಕ್ತಿಯಾಯಿತು. ಕಾರಿಗೆ ಹೊಸದಾಗಿ ಸೇರಿಸಿದ್ದು ಏನೂ ಇಲ್ಲ.

ಉಳಿದ ಆಸೆ

ಮಗ ಇಷ್ಟಕ್ಕೆ ಒಪ್ಪಿದನೆಂದು ಬರೆದರೆ ಸುಳ್ಳಾಗುತ್ತದೆ. ಸರಿಯಾದ ಕಾರಿನ ಮೇಲೆ ಟರ್ಬೊ ಹಾಕಿದರೆ ಇನ್ನೂ ಚೆನ್ನಲ್ಲವೇ ಎಂಬುದು ಅವನ ಮುಂದಿನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ 10ರ ಆಸುಪಾಸಿನದು. ಅದರ ಮೇಲೆ ಟರ್ಬೊ ಒತ್ತಡ ಹೇರಿದರೆ ಇಂಧನ ಅಕಾಲದಲ್ಲಿ ಸಿಡಿದು ಪಿಸ್ಟನ್ ಒಡೆಯುವ ಅಪಾಯವಿದೆ. ತಪ್ಪಿಸಬೇಕಾದರೆ ಬೇರೆ ಪಿಸ್ಟನ್, ದೊಡ್ಡ ಇಂಜೆಕ್ಟರ್, ಇಂಟರ್‌ಕೂಲರ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ (ಇಸಿಯು) ಹೊಸ ಹೊಂದಾಣಿಕೆ, ಗಟ್ಟಿ ಕ್ಲಚ್, ನಂತರ ಬ್ರೇಕು. ಖರ್ಚು ಕಾರಿನ ಬೆಲೆಯನ್ನು ದಾಟುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಬರಿಯ ರೀಮ್ಯಾಪ್, ಅಂದರೆ ಇಸಿಯುವಿನ ಲೆಕ್ಕಾಚಾರದ ಬದಲಾವಣೆ, ಮಾಡಿಸಿದರೆ ಸಿಗುವುದು ಶೇಕಡಾ ಒಂದಂಕಿಯ ಲಾಭ. ಡೀಸೆಲ್ ಟರ್ಬೊ ಕಾರುಗಳ ಮಾತು ಬೇರೆ. ಅಲ್ಲಿ ಒತ್ತಡ ಏರಿಸಲು ಅವಕಾಶವಿರುತ್ತದೆ, ಹಾಗಾಗಿ ಸ್ನೇಹಿತನ ಡೀಸೆಲ್ ಕಾರಿಗೆ ಸಿಕ್ಕ ಲಾಭವನ್ನು ಇಲ್ಲಿ ನಿರೀಕ್ಷಿಸಬಾರದು. ಮಗ 100 ಆಕ್ಟೇನ್ ಪೆಟ್ರೋಲನ್ನೂ ಹಾಕಿ ನೋಡಿದ. ಸಮಯ ಬದಲಾಗಲಿಲ್ಲ. ಆಕ್ಟೇನ್ ಹೇಳುವುದು ಸಿಡಿತವನ್ನು ತಡೆಯುವ ಗುಣವನ್ನು. ಎಂಜಿನ್ ಅದನ್ನು ಕೇಳುವಂತೆ ಕಟ್ಟಿರದಿದ್ದರೆ ಹೆಚ್ಚಿನ ಹಣಕ್ಕೆ ಹೆಚ್ಚಿನ ಶಕ್ತಿ ಬರುವುದಿಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲತಃ ಕೊಟ್ಟದ್ದಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡೂ ಎಂದಿದೆ. ಎಂಜಿನ್ ನಂಬರ್ ಆರ್‌ಸಿಗೆ ಹೊಂದದ ಕಾರು ಅಪಘಾತಕ್ಕೆ ಸಿಕ್ಕರೆ ವಿಮೆಯವರ ಮುಂದೆ ಏನು ಹೇಳುವುದು ಎಂದು ತಂದೆ ಕೇಳಿದರು. ಮಗ ಉತ್ತರಿಸಲಿಲ್ಲ.

ಕೊನೆಯ ಲಾಭ ಸಿಕ್ಕಿದ್ದು ಬಾನೆಟ್ಟಿನ ಹೊರಗೆ. ಘಾಟಿಯಲ್ಲಿ ತಂದೆಯೇ ಓಡಿಸಿದರು, ನಾನು ಹಿಂದಿನ ಸೀಟಿನಲ್ಲಿದ್ದೆ. ಮೈಲೇಜ್ ಉಳಿಸುವ ಅಭ್ಯಾಸದಿಂದ ಅವರು ಆರ್‌ಪಿಎಂ ಎರಡು ಸಾವಿರ ಮುಟ್ಟುವ ಮೊದಲೇ ಮೇಲಿನ ಗೇರಿಗೆ ಹಾಕುತ್ತಿದ್ದರು. ಏರಿನಲ್ಲಿ ಮೂರನೇ ಗೇರಿನಲ್ಲಿ ಸಾವಿರದೈನೂರಕ್ಕೆ ಕುಸಿದರೂ ಬದಲಿಸುತ್ತಿರಲಿಲ್ಲ. ಶಕ್ತಿ ಎಂದರೆ ಟಾರ್ಕ್ ಗುಣಿಸು ಆರ್‌ಪಿಎಂ. 110 ನ್ಯೂಟನ್ ಮೀಟರ್ ಟಾರ್ಕ್ 1,500 ಆರ್‌ಪಿಎಂನಲ್ಲಿ ಕೊಡುವುದು 23 ಅಶ್ವಶಕ್ತಿ. ಅದೇ 110, 4,500ರಲ್ಲಿ 70. “ಅಷ್ಟು ಕಿರುಚಿಸಿದರೆ ಎಂಜಿನ್ ಹಾಳಾಗುವುದಿಲ್ಲವೇ?” ಎಂದು ಕೇಳಿದರು. ಆಯಿಲ್ ಸರಿಯಿದ್ದು ಬಿಸಿ ಏರದಿದ್ದರೆ ಹಾಳಾಗುವುದಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ಪೆಡಲ್ ಒತ್ತಿ ನರಳಿಸುವುದೇ ಹೆಚ್ಚು ಕೆಟ್ಟದ್ದು. ಎರಡನೇ ಗೇರಿನಲ್ಲಿ ಮೂರೂವರೆ ಸಾವಿರದ ಮೇಲೆ ಹಿಡಿದಾಗ ಒಂದೆರಡು ತೀರ ಕಡಿದಾದ ತಿರುವು ಬಿಟ್ಟು ಎಲ್ಲಿಯೂ ಮೊದಲ ಗೇರ್ ಬೇಕಾಗಲಿಲ್ಲ.

ಇಷ್ಟಾದರೂ ಇದು 77 ಅಶ್ವಶಕ್ತಿಯ ಕಾರು. ಹೆದ್ದಾರಿಯಲ್ಲಿ ಲಾರಿ ದಾಟುವಾಗ ಇಂದಿನ 1.0 ಲೀಟರ್ ಟರ್ಬೊ ಕಾರುಗಳ ಮುಂದೆ ಇದು ನಿಲ್ಲದು. ಅವುಗಳಲ್ಲಿ ಕೆಲವು 170 ನ್ಯೂಟನ್ ಮೀಟರ್ ಮೀರಿ ಟಾರ್ಕ್ ಕೊಡುತ್ತವೆ. ಆ ಓಟ ಬೇಕೆಂದರೆ ಆ ಕಾರನ್ನೇ ಕೊಳ್ಳುವುದು ಅಗ್ಗ ಎಂದು ಮಗನಿಗೆ ಹೇಳಿದ್ದೇನೆ. ಅವನು ಹಣ ಕೂಡಿಸುತ್ತಿದ್ದಾನೆ.

ಹಳೆಯ ಸೆಡಾನ್ ಇರುವ ಬೇರೆಯವರು ಇದೇ ಕ್ರಮ ಹಿಡಿಯಬಹುದು: ಅಳತೆ, ಮೊದಲಿನ ಸ್ಥಿತಿಗೆ ಮರಳಿಸುವುದು, ಪ್ಲಗ್ ಮತ್ತು ಕಂಪ್ರೆಷನ್, ಆಮೇಲೆ ಬೇಕಿದ್ದರೆ ಮಾರ್ಪಾಡಿನ ಮಾತು. ಪ್ರತಿ ಹಂತದಲ್ಲೂ ಒಂದೇ ಬದಲಾವಣೆ ಮಾಡಿ ಮತ್ತೆ ಅಳೆಯಬೇಕು. ಎಲ್ಲವನ್ನೂ ಒಟ್ಟಿಗೆ ಮಾಡಿಸಿದ್ದರೆ ಚಕ್ರದಿಂದ ಎಷ್ಟು, ಟ್ಯಾಪೆಟ್ಟಿನಿಂದ ಎಷ್ಟು ಎಂದು ಇಲ್ಲಿಯೂ ತಿಳಿಯುತ್ತಿರಲಿಲ್ಲ. ನಿಮ್ಮ ಕಾರಿನ ಎಂಜಿನ್ನಿಗೆ ಎಷ್ಟು ಪ್ಲಗ್, ಟ್ಯಾಪೆಟ್ ಕೈಯಿಂದ ಹೊಂದಿಸುವಂಥದ್ದೇ ಅಥವಾ ತಾನೇ ಹೊಂದಿಕೊಳ್ಳುವಂಥದ್ದೇ ಎಂದು ಮಾಲೀಕರ ಕೈಪಿಡಿ ನೋಡಿಕೊಂಡು ಗ್ಯಾರೇಜಿಗೆ ಹೋಗುವುದು ಒಳ್ಳೆಯದು. ಬಿಲ್ಲುಗಳನ್ನು ಎಸೆಯಬೇಡಿ.

ನಾಲ್ಕನೇ ಸಿಲಿಂಡರಿನ ಕಥೆ ಮುಗಿದಿಲ್ಲ. ಸಂದು ಹೊಂದಿಸಿದ್ದೇವೆಯೇ ಹೊರತು ಸವೆದ ಸೀಟು ಹಾಗೆಯೇ ಇದೆ. ಹತ್ತು ಸಾವಿರ ಕಿಲೋಮೀಟರ್ ಆದಮೇಲೆ ಮತ್ತೆ ಗೇಜ್ ಹಿಡಿಯಬೇಕು. ಸಂದು ನಿಂತಿದ್ದರೆ ಇನ್ನೂ ಕೆಲವು ವರ್ಷ ಹೀಗೆಯೇ ಓಡಬಹುದು. ಮತ್ತೆ ಕುಗ್ಗಿದ್ದರೆ ಹೆಡ್ ಬಿಚ್ಚಿ ಸೀಟು ಬದಲಿಸುವುದು ಬಿಟ್ಟು ದಾರಿಯಿಲ್ಲ. ಆ ಖರ್ಚು ಹಾಕಬೇಕೇ ಬೇಡವೇ ಎಂಬುದನ್ನು ಆರ್‌ಸಿಯ ಮುಂದಿನ ನವೀಕರಣದ ಜೊತೆಗೇ ತೀರ್ಮಾನಿಸೋಣ ಎಂದು ತಂದೆ ಮಗ ಇಬ್ಬರೂ ಒಪ್ಪಿದ್ದಾರೆ.